ನ್ಯೀಮಾಳ ಪರದೇಶದ ಗದ್ದೆ

ನಮ್ಮೂರಿನ ನ್ಯೀಮಾ ಅನ್ನ ಉಣ್ಣುವುದು ಗ್ಯಾಂಬಿಯಾದಲ್ಲಿ, ಭತ್ತ ಬೆಳೆಯುವುದು ಸೆನೆಗಲ್‌ನಲ್ಲಿ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳ ಅಜ್ಜಿ ಆ ಗದ್ದೆಗೆ ಬದು ಹಾಕಿದಾಗ ಅಲ್ಲಿ ಗದ್ದೆ ಇತ್ತೇ ಹೊರತು ದೇಶ ಇರಲಿಲ್ಲ. ಆಮೇಲೆ ಇಂಗ್ಲಿಷರೂ ಫ್ರೆಂಚರೂ ಎಲ್ಲೋ ದೂರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ನಕ್ಷೆಯ ಮೇಲೆ ಗೆರೆ ಎಳೆದರು. ಗೆರೆ ಸರಿಯಾಗಿ ಅವಳ ಹಿತ್ತಿಲಿಗೂ ಗದ್ದೆಗೂ ನಡುವೆ ಬಿತ್ತು. ಆ ಮಹಾನುಭಾವರಲ್ಲಿ ಒಬ್ಬನಾದರೂ ಕೆಸರಿಗೆ ಕಾಲಿಟ್ಟವನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು.

ನ್ಯೀಮಾಳಿಗೆ ಸಿಟ್ಟಿರಲಿಲ್ಲ. ಭತ್ತದ ಸಸಿಯ ಕಟ್ಟು ತಲೆಯ ಮೇಲೆ ಹೊತ್ತು ಗಡಿಯ ಹಗ್ಗ ದಾಟುವಾಗ, "ಪರದೇಶಕ್ಕೆ ಹೋಗ್ತಿದೀನಿ, ಏನಾದ್ರೂ ತರ್ಬೇಕಾ?" ಎಂದು ನಮ್ಮನ್ನು ರೇಗಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಗದ್ದೆಯ ಅಕ್ಕಿಯಿಂದಲೇ ಹೆಣ್ಣುಮಕ್ಕಳನ್ನು ಬೆಳೆಸಿದವಳು. ನಮ್ಮ ಜೋಲಾ ಕುಲದ ಹೆಂಗಸರಿಗೆ ಅಂಗಡಿಯ ಅಕ್ಕಿ ಕೊಂಡು ಉಣ್ಣುವುದೆಂದರೆ ತಲೆ ತಗ್ಗಿಸುವ ವಿಷಯ.

ಒಂದು ಮಳೆಗಾಲ ಎರಡೂ ರಾಜಧಾನಿಗಳು ಲಾರಿಗಳ ಸುಂಕಕ್ಕಾಗಿ ಜಗಳವಾಡಿ ಗಡಿ ಮುಚ್ಚಿದವು. ನ್ಯೀಮಾಳ ಸಸಿಮಡಿ ಈಚೆ, ಗದ್ದೆ ಆಚೆ. ಸಸಿ ಬಲಿಯುತ್ತಿತ್ತು. ಇನ್ನೂ ತಡವಾದರೆ ಕಿತ್ತು ದನಕ್ಕೆ ಹಾಕಬೇಕು, ವರ್ಷದ ಅನ್ನ ಹೋದಂತೆಯೇ. ಕದ್ದು ದಾಟೋಣವೆಂದರೆ ಗದ್ದೆ ಇರುವುದೇ ಪೊಲೀಸರ ಕಣ್ಣೆದುರಿಗೆ.

ಆಚೆಯ ಕಾವಲಿಗೆ ಹೊಸಬನೊಬ್ಬ ಬಂದಿದ್ದ. ಕಲ್ಲಿನಂಥ ಮುಖ. "ಗಡಿ ಮುಚ್ಚಿದೆ, ವಾಪಸ್ ಹೋಗಿ" ಎನ್ನುವುದಷ್ಟೇ ಅವನ ಮಾತು. ನ್ಯೀಮಾ ಬೇಡಿದಳು, ಅತ್ತಳು. ಅವನು ಕುರ್ಚಿ ಬಿಟ್ಟು ಕದಲಲಿಲ್ಲ.

"ಆಯ್ತಪ್ಪ, ನಿನ್ನ ಹೆಸರಾದ್ರೂ ಹೇಳು. ದೇವರ ಹತ್ರ ಹೆಸರು ಹಿಡಿದೇ ದೂರು ಕೊಡ್ತೀನಿ," ಎಂದಳು ಕೊನೆಗೆ.

"ಫಾಯ್. ಲಾತಿರ್ ಫಾಯ್."

ನ್ಯೀಮಾ ಕಣ್ಣೊರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟಳು. ಫಾಯ್ ಎಂದರೆ ಸಜ್ಜೆ ಉಣ್ಣುವ ಸೆರೆರ್ ಕುಲದವನು. ಸೆರೆರ್‌ಗಳೂ ಜೋಲಾಗಳೂ ಹಿಂದೆಂದೋ ಇದ್ದ ಅಕ್ಕತಂಗಿಯರ ಸಂತಾನವಂತೆ. ಕಂಡಾಗೆಲ್ಲ ಒಬ್ಬರನ್ನೊಬ್ಬರು ನನ್ನ ಆಳು ಎಂದು ಬೈಯದಿದ್ದರೆ ಉಂಡದ್ದು ಅರಗದು. ಪೂರ್ವಿಕರ ಕಟ್ಟಳೆಯಂತೆ ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ.

"ಅಯ್ಯೋ ನನ್ನ ಆಳೇ! ಇಷ್ಟೊತ್ತು ನನ್ನ ಆಳಿನ ಮುಂದೆ ನಾನೇ ಅಳ್ತಿದ್ನಲ್ಲೋ! ಕುರ್ಚಿ ಮೇಲೆ ಕೂರೋಕೆ ಯಾರೋ ಹೇಳಿದ್ರು ನಿಂಗೆ, ಸಜ್ಜೆ ತಿನ್ನೋನೆ?"

ಕಲ್ಲುಮುಖ ತಡೆದುಕೊಳ್ಳಲು ನೋಡಿತು, ಆಗಲಿಲ್ಲ. "ಜೋಲಾನಾ ನೀನು? ನಂಗೆ ಗೊತ್ತಾಗ್ಬೇಕಿತ್ತು, ಅನ್ನದ ವಾಸನೆ ಇಲ್ಲೀವರೆಗೂ ಹೊಡೀತಿದೆ! ನೀನೇ ನನ್ನ ಆಳು ಕಣೇ ಮುದುಕಿ!"

"ಹಾಗಾದ್ರೆ ದಾರಿ ಬಿಡು."

"ಆಗಲ್ಲ ಅಜ್ಜಿ. ನೀನು ಈಚೆ ಕಾಲಿಟ್ರೆ ನನ್ನ ಕೆಲ್ಸ ಹೋಗುತ್ತೆ."

ಪಾಪ, ಹೂಂ ಎಂದರೆ ಸರ್ಕಾರದ ಕಾಟ, ಊಹೂಂ ಎಂದರೆ ಪೂರ್ವಿಕರ ಕಾಟ. ಟೋಪಿ ತೆಗೆದು ತಲೆ ಕೆರೆದುಕೊಂಡ. "ದಾಟಬಾರದು ಅಂದಿರೋದು ನಿಂಗೆ. ಸಸಿಗೆ ಯಾರೂ ಏನೂ ಹೇಳಿಲ್ಲ. ಕೊಡಿಲ್ಲಿ," ಎಂದ.

ಬೂಟು ಬಿಚ್ಚಿ, ಪ್ಯಾಂಟು ಮಡಚಿ ಗದ್ದೆಗಿಳಿದ. ಊರೆಲ್ಲ ಹಗ್ಗದ ಬಳಿ ಸೇರಿತು. ಅವನ ಜೊತೆಯ ಪೊಲೀಸ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾಟಿ ನಮ್ಮಲ್ಲಿ ಹೆಂಗಸರ ಕೆಲಸ. ಸಾಲದ್ದಕ್ಕೆ ಇವನು ಹುಟ್ಟಿ ಬೆಳೆದದ್ದು ಸಜ್ಜೆ ಹೊಲದಲ್ಲಿ. ಸಜ್ಜೆ ಬಿತ್ತುವವರ ಹಾಗೇ ಹೆಜ್ಜೆಗೊಂದು ಸಸಿ ಊರಿಕೊಂಡು ಹೊರಟ.

"ಲೇ ಲೇ ಲೇ! ಅದೇನು ನಿಮ್ಮಪ್ಪನ ಸಜ್ಜೆ ಹೊಲಾನಾ? ಪಿಸುಗುಟ್ಟಿದ್ರೆ ಒಂದಕ್ಕೊಂದು ಕೇಳಿಸ್ಬೇಕು, ಅಷ್ಟು ಹತ್ರ ನೆಡು! ಕಿತ್ತು ಮತ್ತೆ ನೆಡು!"

"ಸೊಂಟ ಬಿದ್ದೋಯ್ತು ಅಜ್ಜಿ!"

"ಆಳಿಗೆ ಎಲ್ಲಿಂದ ಬಂತೋ ಸೊಂಟ?"

ಹೊತ್ತು ಇಳಿಯುವವರೆಗೂ ಅವಳು ಈ ದೇಶದಿಂದ ಕೂಗಿದಳು, ಅವನು ಆ ದೇಶದಲ್ಲಿ ನೆಟ್ಟ. ಸಾಲುಗಳು ಕುಡುಕನ ನಡಿಗೆಯಂತಿದ್ದವು, ಆದರೆ ಗದ್ದೆ ತುಂಬಿತು.

ಮೊಣಕಾಲಿನವರೆಗೂ ಕೆಸರಾಗಿ ಅವನು ಹಗ್ಗದ ಬಳಿಗೆ ಬಂದ. ನ್ಯೀಮಾ ಅವನ ಕೈ ಹಿಡಿದುಕೊಂಡು, "ನಿಮ್ಮ ಉಪಕಾರಾನ ನಾನು..." ಎಂದು ಶುರುಮಾಡಿದಳು.

ಅವನು ಗಾಬರಿಯಾಗಿ ಕೈ ಕಿತ್ತುಕೊಂಡ.

"ಅಜ್ಜಿ, ಅದೊಂದು ಬೇಡ. ಉಪಕಾರ ಅನ್ನೋದೆಲ್ಲ ಬೇರೆ ದೇಶದೋರಿಗೆ. ನನ್ನ ಬೈಯಿ."

ನ್ಯೀಮಾ ಕಣ್ಣೀರು ಸುರಿಸುತ್ತಲೇ ಬಾಯಿಗೆ ಬಂದಂತೆ ಬೈದಳು. ಅವನು ಹಲ್ಲು ಕಿರಿದುಕೊಂಡು, ಕೊನೆಯ ಬೈಗುಳದವರೆಗೂ ಕೇಳಿಸಿಕೊಂಡು ನಿಂತಿದ್ದ.