ಚಕ್ರಕ್ಕೆ ಸುತ್ತಿದ ರುಮಾಲು

ಆಗ ನನಗೆ ಇಪ್ಪತ್ತು ವರ್ಷ. ಐವತ್ತು ವರ್ಷವಾಗಿ ಹೋಯಿತು. ನನ್ನ ಗಂಡ ಬಾಗಲಕೋಟೆಯ ಹತ್ತಿ ಗಿರಣಿಯಲ್ಲಿ ಯಂತ್ರ ರಿಪೇರಿಗೆ ಇದ್ದರು. ಯಂತ್ರದ ಉರುಳೆಗೆ ಹತ್ತಿ ಸಿಕ್ಕಿಕೊಂಡರೆ ಕೆಳಗೆ ತೂರಿ, ಕೈಹಾಕಿ ಬಿಡಿಸಬೇಕು. ಆಗ ಯಾರಾದರೂ ಉಗಿ ಬಿಟ್ಟು ಯಂತ್ರ ನಡೆಸಿದರೆ ಕೈ ಹೋಯಿತು. ಅದಕ್ಕೇ ಅಲ್ಲೊಂದು ಕಟ್ಟಳೆ: ಒಳಗೆ ಹೋಗುವವ ತನ್ನ ರುಮಾಲು ಬಿಚ್ಚಿ, ಉಗಿ ಬಿಡುವ ಚಕ್ರಕ್ಕೆ ಸುತ್ತಬೇಕು. ಹೊರಗೆ ಬಂದು ತಾನೇ ಬಿಚ್ಚಿಕೊಳ್ಳಬೇಕು. ಇನ್ನೊಬ್ಬರ ತಲೆಯ ರುಮಾಲಿಗೆ ಯಾರು ಕೈಹಚ್ಚುತ್ತಾರೆ?

ದಿನಾ ಗಿರಣಿಗೆ ರೊಟ್ಟಿ ಒಯ್ಯುವ ಅತ್ತೆಗೆ ಜ್ವರ ಬಂದು ಒಂದು ಮಧ್ಯಾಹ್ನ ನಾನು ಒಯ್ದೆ. ಗಿರಣಿ ನಿಂತಿತ್ತು. ನನ್ನ ಗಂಡನ ರುಮಾಲು ಬಾಗಿಲ ಗೂಟಕ್ಕೆ ತೂಗುತ್ತಿತ್ತು. ಅವರು ಎಲ್ಲೂ ಇಲ್ಲ. ಬರಿದಲೆಯಲ್ಲಿ ಹೊರಗೆ ತಿರುಗುವ ಮನುಷ್ಯ ಅವರಲ್ಲ. ಅಷ್ಟರಲ್ಲಿ ಇಂಜಿನ್ ನಡೆಸುವ ಮುದುಕ ಚಾಚಾ ನಮಾಜು ಮುಗಿಸಿ ಬಂದು ಚಕ್ರಕ್ಕೆ ಕೈಹಾಕಿದರು. ನಾನು ಕೂಗಿದೆ.

"ಚಾಚಾ, ನಿಂದರ್ರಿ! ಒಳಗ ಅದಾರ!"

"ಯಾರವ್ವಾ? ಚಕ್ರ ಖಾಲಿ ಐತಲ್ಲ."

"ರುಮಾಲ ಗೂಟದ ಮ್ಯಾಲ ಐತ್ರಿ!"

"ಗೂಟಕ್ಕ ಹೋತಂದ್ರ ಹೊರಗ ಬಂದಾರಂತ. ಯಾರದು?"

"ನಮ್ಮವರದು!"

"ಇಲ್ಲಿರೂರೆಲ್ಲಾ ಯಾರಿಗರೆ ನಮ್ಮವರ ಆಗಿರ್ತಾರ."

ಹತ್ತಿ ಆರಿಸುವ ಹೆಂಗಸರು ಕಿಸಕ್ಕೆಂದರು. "ಒಡಪ ಹಾಕಿ ಹೇಳ ಬೇ, ಕೇಳೂಣು!"

ಗಂಡನ ಹೆಸರು ಬಾಯಿಗೆ ತರಬಾರದು. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಿದ್ದೇ ಹೇಳಿದ್ದು. ಈಗ ಒಡಪು ಎಲ್ಲಿಂದ ತರಲಿ? ಚಾಚಾನ ಕೈ ಇನ್ನೂ ಚಕ್ರದ ಮೇಲೇ ಇತ್ತು. ಬರೀ ಹೆಸರು ಹಿಡಿದು ಗಂಟಲು ಹರಿಯುವಂತೆ ಒದರಿದೆ.

ಯಂತ್ರದ ಕೆಳಗಿಂದ ಅವರ ದನಿ ಬಂತು: "ಯಾವಕಿ ಅಕಿ, ನನ್ನ ಹೆಸರ ಹಿಡದಾಕಿ?"

ಚಾಚಾ ಚಕ್ರದಿಂದ ಕೈ ತೆಗೆದರು. ಕೆಲಸದವರ ಮೇಲೆ ಹೊಸದಾಗಿ ಬಂದಿದ್ದ ಮುಕಾದಮ ಗೂಟದತ್ತ ನೋಡಿ ತೊದಲಿದ: "ಚಕ್ರದ ಎಣ್ಣಿ ಮೆತ್ತಿ ರುಮಾಲ ಹೊಲಸಾಗ್ತಿತ್ತು. ಮರ್ಯಾದಿಲೆ ತಗದಿಟ್ಟಿದ್ದೆ."

ನಮ್ಮವರು ಮೈತುಂಬ ಹತ್ತಿಯ ಎಳೆ ಮೆತ್ತಿಕೊಂಡು ಹೊರಗೆ ಬಂದರು. ಎರಡೂ ಕೈ ಇದ್ದವು.

"ನಾಕ ಮಂದ್ಯಾಗ ಹೆಸರ ಹಿಡದ ಕರದ್ಯಲ್ಲ?"

"ಕರೀಲಿಲ್ಲಂದ್ರ ಈ ರೊಟ್ಟಿ ಯಾವ ಕೈಲೆ ತಿಂತಿದ್ರಿ?"

ಮನೆಗೆ ಬಂದ ಮೇಲೆ ಅವರು ಮುಖ ತಿರುಗಿಸಿಕೊಂಡೇ ಉಂಡರು. ಮರುದಿನ ಬೆಳಿಗ್ಗೆ ಅವರ ಹಿಂದೆಯೇ ಗಿರಣಿಗೆ ಹೋದೆ. ಚಾಚಾನಿಗೆ ಅವರ ಹೆಸರು ಇನ್ನೊಮ್ಮೆ ಹೇಳಿ, ರುಮಾಲು ಇರಲಿ ಬಿಡಲಿ, ಆ ಹೆಸರಿನವರು ಹೊರಗೆ ಬಂದು ಎದುರಿಗೆ ನಿಲ್ಲುವ ತನಕ ಚಕ್ರ ಮುಟ್ಟಬೇಡಿರಿ ಎಂದು ಹೇಳಿ ಬಂದೆ.