ಸಿರುಗುಪ್ಪದ ಛತ್ರದ ಮುಂಬಾಗಿಲು

ಕೋವಿಡ್ ಕಳೆದ ಮರುವರ್ಷದ ಮಾತು. ಆಗಲೂ ನಾನು ಬಳ್ಳಾರಿಯಲ್ಲಿ ಕನ್ಸರ್ವೇಶನ್ ಆರ್ಕಿಟೆಕ್ಟ್. ಅಂದರೆ ಹಳೆಯ ಕಟ್ಟಡಗಳನ್ನು ಕೆಡವದೆ ಉಳಿಸಿ, ಹೊಸ ಬಳಕೆಗೆ ಒಗ್ಗಿಸುವವನು. ನಮ್ಮ ಸೀಮೆಯಲ್ಲಿ ಇದು ಹೊಟ್ಟೆ ತುಂಬಿಸುವ ಕಸುಬಲ್ಲ. ಗೋಡೆ ಸ್ವಲ್ಪ ಬಿರುಕು ಬಿಟ್ಟರೆ ಸಾಕು, ಜೆಸಿಬಿ ಕರೆಸುವವರೇ ಹೆಚ್ಚು. ಹಾಗಾಗಿ ಸಿರುಗುಪ್ಪದ ತಮ್ಮ ಮನೆತನದ ಛತ್ರವನ್ನು ಉಳಿಸಿಕೊಡು ಎಂದು ರಾಘವೇಂದ್ರ ನನ್ನ ಕಚೇರಿಗೆ ಬಂದಾಗ ನನಗೆ ಹಿಗ್ಗೋ ಹಿಗ್ಗು.

ರಾಘವೇಂದ್ರ ನನ್ನ ಜೊತೆ ಕಾಲೇಜಿನಲ್ಲಿ ಓದಿದವನು, ನಿವೃತ್ತ ಉಪನ್ಯಾಸಕ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಯಾತ್ರಿಕರಿಗೆಂದು ಅವನ ಮುತ್ತಜ್ಜ ಕಟ್ಟಿಸಿದ ಛತ್ರ ಅದು. ವರ್ಷಗಟ್ಟಲೆ ಬೀಗ ಹಾಕಿದ್ದರಿಂದ ಶಿಥಿಲವಾಗಿ, ಕೆಡವಬೇಕೆಂಬ ನೋಟಿಸೂ ಬಂದಿತ್ತು. ಬಳಕೆಯಿಲ್ಲದ ಕಟ್ಟಡ ಎಷ್ಟು ರಿಪೇರಿ ಮಾಡಿದರೂ ನಿಲ್ಲುವುದಿಲ್ಲ, ಊರಿನವರಿಗೆ ಓದುಮನೆ ಮಾಡುವುದಾದರೆ ಮಾತ್ರ ಕೈ ಹಾಕುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದುಕೊಂಡ. "ಎಲ್ಲಾರೂ ಬಂದು ಓದ್ಲಿ ಬಿಡಪಾ. ಯಾರಿಗೂ ಬಾಗ್ಲಾ ಹಾಕಂಗಿಲ್ಲ."

ಛತ್ರದ ದೊಡ್ಡ ರೋಗ ಮಾಳಿಗೆಯಲ್ಲಿತ್ತು. ಮಾಳಿಗೆ ಎಂದರೆ ತೇಗದ ತೊಲೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣಿನ ಹೊದಿಕೆ. ಉಪ್ಪಿನಂಶದ ಈ ಮಣ್ಣು ನೀರು ಬಿದ್ದೊಡನೆ ಬಿಗಿದುಕೊಂಡು ಹನಿಯನ್ನು ಒಳಗೆ ಬಿಡುವುದಿಲ್ಲ. ಯಾವನೋ ಪುಣ್ಯಾತ್ಮ ಅದರ ಮೇಲೆ ಸಿಮೆಂಟ್ ಬಳಿದಿದ್ದ. ತೇವ ಒಳಗೇ ಉಳಿದು ತೊಲೆಗಳು ಕೊಳೆಯುತ್ತಿದ್ದವು. ಹಳೆಯದನ್ನು ಹಳೆಯ ರೀತಿಯಲ್ಲೇ ಉಳಿಸಬೇಕು ಎಂದು ಕಂಡವರಿಗೆಲ್ಲ ಹೇಳುತ್ತ, ಕೊಳೆತವನ್ನು ತೆಗೆದು, ಕುರುಗೋಡಿನಲ್ಲಿ ಕೆಡವಿದ ಹಳೆಯ ಮನೆಗಳ ತೊಲೆ ತಂದು ಕೂರಿಸಿದೆವು. ಇನ್ನು ಮಣ್ಣು ಹಾಕುವವರು ಬೇಕಿತ್ತು. ಆರ್‌ಸಿಸಿ ಬಂದ ಮೇಲೆ ಆ ಕೆಲಸ ಬಲ್ಲವರು ಕಡಿಮೆ. ಛತ್ರದ ಹಿಂದಿನ ದಲಿತರ ಕೇರಿಯಲ್ಲಿ ದುರುಗಮ್ಮ ಇದ್ದಾಳೆ ಎಂದರು.

ದುರುಗಮ್ಮ ಬಂದವಳು ಮುಂದಿನ ಜಗಲಿಯ ಕೆಳಗೇ ನಿಂತಳು. ಒಳಗೆ ಬಾರಮ್ಮ ಎಂದರೂ ಹೆಜ್ಜೆ ಎತ್ತಲಿಲ್ಲ.

"ನಮ್ಮವ್ವ ಸಾಯೋತನಕ ಇದರ ಮ್ಯಾಲ ಮಣ್ಣು ಹಾಕ್ಯಾಳ್ರಿ ಸರ. ಹಿಂದ ಏಣಿ ಹಚ್ಚಿ ಹತ್ತೋದು, ಹಂಗ ಇಳಿಯೋದು. ಸೋರಿದ್ರ ಒಳಗಿನೋರು ಕೋಲಿಲೆ ಕುಟ್ಟಿ ಜಾಗ ತೋರಸ್ತಿದ್ರು. ಒಳಗ ಹೆಂಗೈತಿ ಅಂತ ಆಕಿ ನೋಡ್ಲೇ ಇಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಓದಾಕ ಮಾಡ್ತೀರಂತಲ್ರಿ. ನನ್ನ ಮಗಳು ಸುಜಾತ ಬಿ.ಎಡ್. ಮುಗಿಸ್ಯಾಳ, ಮೇಷ್ಟ್ರ ಪರೀಕ್ಷಿಗೆ ಓದಾಕತ್ಯಾಳ. ಒಂದ ಖೋಲಿ ಮನಿ, ಅದರಾಗ ಟೀವಿ, ಅದರಾಗ ಒಲಿ. ಆಕಿ ಇಲ್ಲಿ ಕುಂತು ಓದಬೌದೇನ್ರಿ? ಖರೇ ಹೇಳ್ರಿ."

ನನಗಿಂತ ಮೊದಲು ಪಕ್ಕದಲ್ಲಿದ್ದ ರಾಘವೇಂದ್ರನೇ ಉತ್ತರ ಕೊಟ್ಟ. "ಮೊದಲನೇ ಕುರ್ಚಿ ನಿನ್ನ ಮಗಳಿಗೇ, ದುರುಗಮ್ಮ."

ಆ ಒಂದು ಮಾತಿನ ಮೇಲೆ ಅವಳು ಕೇರಿಯ ಹೆಂಗಸರನ್ನೆಲ್ಲ ಕೂಡಿಸಿದಳು. ಹಚ್ಚೊಳ್ಳಿ ಕಡೆ ಕಾಲುವೆ ನೀರು ನಿಂತು ಸವಳಾದ ಹೊಲಗಳಿವೆ. ಬೆಳೆಗೆ ಬೇಡವಾದ ಆ ಮಣ್ಣೇ ಮಾಳಿಗೆಗೆ ಬೇಕಾದ ಮಣ್ಣು. ಟ್ರ್ಯಾಕ್ಟರಿನಲ್ಲಿ ತಂದು, ಜರಡಿ ಹಿಡಿದು, ಇಳಿಜಾರು ನೋಡಿ ಹರಡಿದರು. ನಾನು ಎಷ್ಟೋ ಕಡೆ ಕೆಲಸ ಮಾಡಿಸಿದ್ದೇನೆ, ಅಷ್ಟು ನಗುತ್ತ ಕೆಲಸ ಮಾಡಿದವರನ್ನು ಕಂಡಿಲ್ಲ.

ಅವರಲ್ಲೊಂದು ಪದ್ಧತಿಯಿದೆ. ಹೊಸ ಮಣ್ಣು ಹಾಕಿದವರು ಮೊದಲ ಮಳೆಗೆ ಆ ಮಾಳಿಗೆಯ ಕೆಳಗೆ ಕೂತು, ಎಲ್ಲಿ ಹನಿಯುತ್ತದೆ ಎಂದು ನೋಡಿ ತಿದ್ದಬೇಕು. ಛತ್ರದಲ್ಲಿ ಮಾತ್ರ ಅವರಿಗೆ ಆ ಪಾಲು ಸಿಕ್ಕಿರಲಿಲ್ಲ. ಉದ್ಘಾಟನೆಗೆ ಮೊದಲೇ ಮಳೆ ಬಂತು. ನಾನೇ ಮುಂಬಾಗಿಲು ತೆರೆದೆ. ಹೆಂಗಸರು ಅಳುಕುತ್ತ ಒಳಗೆ ಬಂದು ತಲೆಯೆತ್ತಿ ಕೂತರು. ಒಂದು ಮೂಲೆಯಲ್ಲಷ್ಟೇ ಹನಿಯಿತು. ಸುಜಾತ ಕಿಟಕಿಯ ಬಳಿ ಪುಸ್ತಕ ಬಿಚ್ಚಿ ಕೂತಳು. ದುರುಗಮ್ಮ ಮಾಳಿಗೆಯನ್ನು ಬಿಟ್ಟು ಮಗಳನ್ನೇ ನೋಡುತ್ತಿದ್ದಳು. ಈ ಕಸುಬಿಗೆ ಬಂದದ್ದು ಸಾರ್ಥಕವಾಯಿತು ಎಂದುಕೊಂಡೆ.

ಉದ್ಘಾಟನೆಯ ದಿನ ಹೋಗಿ ನೋಡಿದರೆ ಬಾಗಿಲ ಮೇಲೆ 'ಪಾರಂಪರಿಕ ಸಭಾಭವನ' ಎಂಬ ಬೋರ್ಡು. ಮದುವೆ, ಮುಂಜಿವೆಗಳಿಗೆ ಬಾಡಿಗೆಗೆ ದೊರೆಯುತ್ತದಂತೆ. ಓದುಮನೆ ಎಲ್ಲಿ ಎಂದರೆ ಹಿಂದಿನ ತಗಡಿನ ಶೆಡ್ಡು ತೋರಿಸಿದರು, ಹಿಂದೆ ಬಂಡಿ ನಿಲ್ಲಿಸುತ್ತಿದ್ದ ಜಾಗ. ಇದ್ದುದರಲ್ಲೇ ಒಳ್ಳೆಯ ಸೀರೆಯುಟ್ಟು ಬಂದಿದ್ದ ಕೇರಿಯ ಹೆಂಗಸರನ್ನು ಬಾಗಿಲಲ್ಲಿ ತಡೆದು, ಆ ಕಡೆ ಹೋಗ್ರಿ ಎನ್ನುತ್ತಿದ್ದರು.

ರಾಘವೇಂದ್ರನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನ ಮುಖದಲ್ಲಿ ಅಳುಕೇ ಇರಲಿಲ್ಲ.

"ಹಳೇದನ್ನ ಹಳೇ ರೀತಿಯೊಳಗೇ ಉಳಿಸಬೇಕು ಅಂತ ಊರ ತುಂಬ ಹೇಳಿದಾಂವ ನೀನ ಅಲ್ಲೇನಪಾ? ನಮ್ಮ ಮುತ್ತಜ್ಜನ ಕಾಲದಾಗ ಹೆಂಗಿತ್ತೋ ಹಂಗ ಇಟ್ಟೀನಿ."

ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ. ಅದೂ ನನ್ನದೇ ಕತ್ತಿಯಿಂದ. ಸನ್ಮಾನದ ಶಾಲು ಹೊದಿಸಿಕೊಳ್ಳದೆ ಹೊರಬಿದ್ದೆ. ಅಷ್ಟರಲ್ಲಿ ಸುಜಾತ "ನಡೀಬೇ ಮನಿಗೆ" ಎಂದು ತಾಯಿಯ ತೋಳು ಹಿಡಿದು ಕರೆದೊಯ್ಯುತ್ತಿದ್ದಳು. ದುರುಗಮ್ಮ ನನ್ನತ್ತ ಒಮ್ಮೆ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸವಳು ಮಣ್ಣಿಗೆ ಪ್ರತಿ ಮಳೆಗಾಲದ ಮೊದಲು ಕೈಯಾಡಿಸಬೇಕು. ಮರುವರ್ಷ ಆಡಿಸಲಿಲ್ಲ, ಸೋರಿತು. ಅಷ್ಟು ದಿನ ಮಾತಿಲ್ಲದ ರಾಘವೇಂದ್ರ ಫೋನ್ ಮಾಡಿದ, ಮದುವೆ ಬುಕ್ ಆಗಿದೆ, ದುರುಗಮ್ಮನನ್ನು ಕಳಿಸು ಎಂದ. ಇವನ ಮುಖಕ್ಕಿಷ್ಟು ಎನಿಸಿತು. ಆದರೆ ತೊಲೆಗಳು ಕಣ್ಣಮುಂದೆ ಬಂದು ಕೇರಿಗೆ ಹೋದೆ. ಸುಜಾತ ಬುದ್ಧ ವಿಹಾರದ ವರಾಂಡದಲ್ಲಿ ಓದುತ್ತಿದ್ದಳು. ದುರುಗಮ್ಮ ಕೂರಿಸಿ ಚಹಾ ಕೊಟ್ಟು, ಮಾತು ಕೇಳಿಸಿಕೊಂಡಳು.

"ಎಲ್ಲಿ ಸೋರತೈತಿ ಅಂತ ಒಳಗ ನಿಂತು ನೋಡಬೇಕ್ರಿ ಸರ. ಮುಂಬಾಗ್ಲದಿಂದ ಕರಿಯಾಕ ಹೇಳ್ರಿ, ಬರ್ತೀನಿ."

ಅವಳ ಎದುರಿಗೇ ಫೋನ್ ಹಚ್ಚಿ, ಅವಳಿಗೂ ಕೇಳುವಂತೆ ಸ್ಪೀಕರ್ ಹಾಕಿ ಹಾಗೆಯೇ ಹೇಳಿದೆ.

"ಹಿಂದ ಏಣಿ ಐತಲ್ಲ," ಎಂದ ರಾಘವೇಂದ್ರ.

ದುರುಗಮ್ಮ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಯಾವ ಹಳೆಯ ಕಟ್ಟಡಕ್ಕೇ ಕರೆಯಲಿ, ಗೋಡೆಗೆ ಟೇಪು ಹಿಡಿಯುವ ಮೊದಲು ನಾಳೆ ಇದರ ಬಾಗಿಲಿಂದ ಯಾರು ಯಾರು ಒಳಗೆ ಬರುತ್ತಾರೆ ಎಂದು ಕೇಳುತ್ತೇನೆ. ಉತ್ತರ ಕರಾರಿನಲ್ಲಿ ಸೇರದಿದ್ದರೆ ವಾಪಸು ಬರುತ್ತೇನೆ. ಸಿರುಗುಪ್ಪದ ಛತ್ರಕ್ಕೆ ಬೇರೆ ಊರಿನವರನ್ನು ಅದೇ ಏಣಿ ಹತ್ತಿಸಿ ಮಣ್ಣು ಹಾಕಿಸಿಕೊಂಡರಂತೆ; ಗಟ್ಟಿಯಾಗಿಯೇ ನಿಂತಿದೆ, ನೋಡಿದವರು ಹೊಗಳುತ್ತಾರೆ. ಅಲ್ಲಿ ನಾನು ಜೋಪಾನವಾಗಿ ಉಳಿಸಿಕೊಟ್ಟದ್ದು ಆ ಏಣಿಯನ್ನು.