ನಾನು ಅಳಿಸಿದ ಒಂದು ಸಾಲು

“ಅಣ್ಣಾ, ನಂಗೊಬ್ಳಿಗೇನಾ ಹಿಂಗೆ ಡಬ್ಬಿ ಡಬ್ಬಿ ಕಾಣ್ತಿರೋದು?”

ಕಳೆದ ಭಾನುವಾರ ಆಂಧ್ರದ ಕಲ್ಯಾಣದುರ್ಗದ ಒಂದು ಕಂಪ್ಯೂಟರ್ ಪರೀಕ್ಷಾ ಕೇಂದ್ರದಲ್ಲಿ ಭಾಗ್ಯಮ್ಮ ಎಂಬ ಅಭ್ಯರ್ಥಿ ಕೈ ಎತ್ತಿ ಕೇಳಿದರು. ಬಗ್ಗಿ ನೋಡಿದೆ. ಪ್ರಶ್ನೆ ಇರಬೇಕಾದ ಕಡೆ ಸಾಲುಸಾಲು ಖಾಲಿ ಚೌಕಗಳು. ಒಂದೇ ಒಂದು ಕನ್ನಡ ಅಕ್ಷರವಿಲ್ಲ.

ಏನಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮಾಡಿದವನೇ ನಾನಲ್ಲವೇ?

ಹಿಂದೂಪುರದಿಂದ ಸುತ್ತಲಿನ ಊರುಗಳಿಗೆ ಹೋಗಿ ಕಂಪ್ಯೂಟರ್ ಲ್ಯಾಬ್ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ನಲವತ್ತು ಮಷಿನ್ನಿಗೆ ಒಂದೊಂದಾಗಿ ಆಪರೇಟಿಂಗ್ ಸಿಸ್ಟಂ ಹಾಕುತ್ತಾ ಕೂತರೆ ವಾರ ಬೇಕು. ಅದಕ್ಕೇ ಒಂದು ಟೆಂಪ್ಲೇಟ್ ಇರುತ್ತದೆ. ಮದುವೆ ಮನೆಯವರು ಅಂಗಡಿಗೆ ದಿನಸಿ ಚೀಟಿ ಕೊಟ್ಟ ಹಾಗೆ, ಬೇಕಾದ ಪ್ಯಾಕೇಜುಗಳ ಪಟ್ಟಿಯನ್ನು ಅದರಲ್ಲಿ ಬರೆದಿಟ್ಟರೆ ಆಯಿತು. ಎಲ್ಲ ಮಷಿನ್ನುಗಳೂ ಅದನ್ನೇ ಓದಿ, ತಾವೇ ಹಾಕಿಕೊಳ್ಳುತ್ತವೆ. ಪಟ್ಟಿಯಲ್ಲಿ ಇಲ್ಲದ್ದು ಯಾವುದರಲ್ಲೂ ಇರುವುದಿಲ್ಲ.

ನಮ್ಮ ಪಟ್ಟಿ ಹಳೆಯದು. ಬಂದವರೆಲ್ಲ ಸೇರಿಸಿದ್ದೇ ಸೇರಿಸಿದ್ದು, ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ನನಗೆ ಬಂತು. ಆಟಗಳು, ಯಾವುದೋ ಕಾಲದ ಪ್ರಿಂಟರಿನ ಸಾಫ್ಟ್‌ವೇರ್, ಬೇಡದ ಭಾಷೆಗಳ ಅಕ್ಷರ ತೋರಿಸುವ ಫಾಂಟು, ಎಲ್ಲ ಕಿತ್ತೆ. ಕನ್ನಡ ಫಾಂಟಿನ ಸಾಲು ಬಂದಾಗ ಒಂದು ಗಳಿಗೆ ಕೈ ನಿಂತಿತು. ಆಂಧ್ರದಲ್ಲಿ ಯಾರಿಗೆ ಬೇಕು? ಅಳಿಸಿದೆ. (ತೆಲುಗು, ಇಂಗ್ಲಿಷ್ ಪೇಪರ್ ತೆರೆದು ಟೆಸ್ಟ್ ಕೂಡ ಮಾಡಿದ್ದೆ. ಕನ್ನಡದ್ದನ್ನು ತೆರೆಯಲೇ ಇಲ್ಲ.)

ಹೀಗೆ ಮಾಡಿದವನು ಇದೇ ಆಂಧ್ರದ ಗಡಿಯ ಪರಿಗಿ ಹತ್ತಿರದ ಹಳ್ಳಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ತೆಲುಗು ಓದುವುದನ್ನು ಕಾಲೇಜಿಗೆ ಸೇರಿದ ಮೇಲೆ ಬಸ್ಸಿನ ಬೋರ್ಡು ನೋಡಿ ಕಲಿತೆ. ಆ ಹೆಮ್ಮೆ ಈಗಲೂ ಇದೆ. ನಾನು ಕಲಿಯಲಿಲ್ಲವೇ, ಎಲ್ಲರೂ ಕಲಿತಿರುತ್ತಾರೆ ಬಿಡು! ಕಷ್ಟಪಟ್ಟು ಮೇಲೆ ಬಂದವರು ಯೋಚಿಸುವುದೇ ಹೀಗೆ.

ಎಲ್ಲದರಲ್ಲೂ ಇದೇ ಕಥೆ ಎಂದು ಗೊತ್ತಿದ್ದರೂ ಭಾಗ್ಯಮ್ಮನವರನ್ನು ಪಕ್ಕದ ಮಷಿನ್ನಿಗೆ ಕೂರಿಸಿದೆ. ಚೌಕ. ಕೊನೆಯ ಸಾಲಿನದಕ್ಕೆ ಕೂರಿಸಿದೆ. ಅಲ್ಲೂ ಚೌಕ. ಪರೀಕ್ಷೆ ನಡೆಯುವಾಗ ಹೊರಗಿನ ಇಂಟರ್‌ನೆಟ್ ಕೊಡುವಂತಿಲ್ಲ, ಪೆನ್‌ಡ್ರೈವ್ ಹಾಕುವಂತಿಲ್ಲ. ಸ್ಕ್ರೀನಿನ ಮೂಲೆಯಲ್ಲಿ ಟೈಮ್ ಮಾತ್ರ ಓಡುತ್ತಲೇ ಇತ್ತು.

ಮೇಲ್ವಿಚಾರಕರು ಬಂದರು. “ತೆಲುಗು ವಚ್ಚು ಕದಮ್ಮಾ? ತೆಲುಗುಲೋ ರಾಸೆಯ್ಯಿ.” (ತೆಲುಗು ಬರುತ್ತಲ್ಲಮ್ಮ, ಅದರಲ್ಲೇ ಬರೆದುಬಿಡು.)

“ಮಾತಾಡಕ್ ಬತ್ತೈತೆ ಸಾರ್, ಓದಕ್ ಬರಾಕಿಲ್ಲ. ಕುಂದುರ್ಪಿ ಸಂತೇಲಿ ಕುರಿ ಯಾಪಾರ ಮಾಡು ಅನ್ರಿ, ತೆಲುಗಲ್ಲೇ ಮಾಡ್ತೀನಿ. ಪರೀಕ್ಷೆ ಬರಿಯಕ್ಕಾಯ್ತದಾ?”

ಅಕ್ಕಪಕ್ಕದವರು ನಕ್ಕರು. ಭಾಗ್ಯಮ್ಮ ನಗಲಿಲ್ಲ. ಹಾಸ್ಟೆಲ್ ವಾರ್ಡನ್ ಕೆಲಸದ ಪರೀಕ್ಷೆ ಅದು. “ಇದೇ ಕಡೇ ಸಲ ಕಣಣ್ಣ, ಮುಂದಿನ್ ವರ್ಷಕ್ಕೆ ವಯಸ್ಸು ದಾಟೋಯ್ತದೆ” ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಆಮೇಲೆ ಇಂಗ್ಲಿಷ್ ಪೇಪರನ್ನೇ ಒತ್ತಿ, ಅಕ್ಷರ ಕೂಡಿಸಿಕೊಂಡು ಓದತೊಡಗಿದರು. ಟೈಮ್ ಮುಗಿದಾಗ ಅರ್ಧ ಪ್ರಶ್ನೆಗಳು ಹಾಗೇ ಉಳಿದಿದ್ದವು.

ಹೊರಗೆ ನನ್ನನ್ನು ತಡೆದು ಕೇಳಿದರು. “ನೀನೂ ಕನ್ನಡದೋನೇ ಅಲ್ವೇನಣ್ಣ? ಏನಾಗಿತ್ತು ಅದ್ಕೆ?”

“ಸಾಫ್ಟ್‌ವೇರ್ ಪ್ರಾಬ್ಲಂ ಕಣಮ್ಮ” ಅಂದೆ.

“ಹೋಗ್ಲಿ ಬಿಡು. ಮಿಷಿನ್ ತಾನೇ, ಅದ್ಕೇನ್ ಗೊತ್ತಾಯ್ತದೆ ನಮ್ ಕಷ್ಟ?” ಎಂದು ನನಗೇ ಸಮಾಧಾನ ಹೇಳಿ ಬಸ್ಸು ಹತ್ತಿದರು.

ಕೇಂದ್ರದ ವರದಿಯಲ್ಲಿ ‘ಅಭ್ಯರ್ಥಿ ಇಂಗ್ಲಿಷ್ ಆಯ್ದುಕೊಂಡರು’ ಎಂದಷ್ಟೇ ಬರೆದಿದ್ದರು. ಓದಿ, ನಾನೂ ಸಹಿ ಹಾಕಿದೆ. ಹಿಂದೂಪುರಕ್ಕೆ ಬಂದು ಟೆಂಪ್ಲೇಟ್ ತೆರೆದು ಆ ಸಾಲನ್ನು ವಾಪಸ್ ಸೇರಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಇನ್ನು ಮುಂದೆ ನಲವತ್ತು ಮಷಿನ್ನಿನಲ್ಲೂ ಕನ್ನಡ ಕಾಣುತ್ತದೆ. ಭಾಗ್ಯಮ್ಮ ಯಾವುದರ ಮುಂದೆ ಬಂದು ಕೂರಬೇಕು?